ಹಾಲು, ಬಾಡಿಗೆ ಮತ್ತು ಒಂದು ಪೌಂಡಿನ ಚೀಟಿ

ಇಪ್ಪತ್ತನೆಯ ಶತಮಾನ ಕಾಲಿಡುವ ಹೊತ್ತಿಗೆ ಇಂಗ್ಲೆಂಡಿನ ಊರುಗಳ ಆರೋಗ್ಯಾಧಿಕಾರಿಗಳಿಗೆ ಬೇಸಿಗೆ ಬಂತೆಂದರೆ ದಿಗಿಲು. ನೆಲದಲ್ಲಿ ನಾಲ್ಕು ಅಡಿ ಆಳಕ್ಕೆ ಥರ್ಮಾಮೀಟರ್ ಇಳಿಬಿಟ್ಟು ಮಣ್ಣಿನ ಶಾಖವನ್ನು ಬರೆದಿಡುವ ಪದ್ಧತಿ ಅಲ್ಲಿತ್ತು. ಆ ಆಳದ ಶಾಖ 56 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಮೇಲೆ ಹಸುಗೂಸುಗಳ ಭೇದಿ ಶುರುವಾಗುತ್ತಿತ್ತು, ಸಾವುಗಳ ಪಟ್ಟಿ ವಾರದಿಂದ ವಾರಕ್ಕೆ ಉದ್ದವಾಗುತ್ತಿತ್ತು. ಎಡ್ವರ್ಡ್ ಬ್ಯಾಲರ್ಡ್ ಎಂಬ ಸರ್ಕಾರಿ ವೈದ್ಯರು 1880ರ ದಶಕದಲ್ಲಿ ಊರೂರಿನ ಸಾವಿನ ಲೆಕ್ಕವನ್ನು ಶಾಖದ ಲೆಕ್ಕದ ಪಕ್ಕದಲ್ಲಿಟ್ಟು ಕಂಡುಕೊಂಡ ಸಂಗತಿ ಇದು. 56 ಡಿಗ್ರಿ ಅಂದರೆ ಸುಮಾರು 13 ಸೆಲ್ಸಿಯಸ್. ನಮ್ಮಲ್ಲಾದರೆ ಕಂಬಳಿ ಹುಡುಕುವ ಚಳಿ. ಅಲ್ಲಿ ಅಷ್ಟು ಶಾಖವೇ ಮಕ್ಕಳ ಪಾಲಿಗೆ ಮೃತ್ಯುವಾಗುತ್ತಿತ್ತು.

ರೋಗದ ಬೀಜ ಮಣ್ಣಿನೊಳಗೇ ಇದೆ ಎಂದು ಬ್ಯಾಲರ್ಡ್ ಊಹಿಸಿದರು. ನಿಜವಾದ ಕಾರಣ ನೆಲದ ಮೇಲೆಯೇ ಇತ್ತು. ಊರಿನ ಸರಕೆಲ್ಲ ಕುದುರೆ ಗಾಡಿಯ ಮೇಲೆ ಓಡಾಡುವ ಕಾಲ ಅದು. ಲದ್ದಿ ಬೀದಿಯಲ್ಲಿ ಬೀಳುತ್ತಿತ್ತು, ಲಾಯದ ಹಿಂದೆ ಗುಡ್ಡೆಯಾಗುತ್ತಿತ್ತು. ಉತ್ತರದ ಕಾರ್ಖಾನೆ ಊರುಗಳಲ್ಲಿ ಬಡವರ ಮನೆಗಳಿಗೆ ನೀರು ಹಾಯಿಸುವ ಕಕ್ಕಸು ಇರಲಿಲ್ಲ. ಹಿತ್ತಿಲಲ್ಲಿ ಗುಂಡಿ, ಇಲ್ಲವೇ ಮುನಿಸಿಪಾಲಿಟಿಯವರು ಬಂದು ಹೊತ್ತೊಯ್ಯುವ ಬಕೆಟ್ಟು. ಎಷ್ಟೋ ಕಡೆ ನಾಲ್ಕೈದು ಸಂಸಾರಕ್ಕೆ ಒಂದೇ. ಸೆಕೆ ಏರಿದಂತೆ ನೊಣ ಏರಿದವು. ಮ್ಯಾಂಚೆಸ್ಟರಿನ ಆರೋಗ್ಯಾಧಿಕಾರಿ ಜೇಮ್ಸ್ ನಿವೆನ್ ನೊಣಗಳನ್ನು ಹಿಡಿಸಿ ಎಣಿಸಿ, ಆ ಲೆಕ್ಕವನ್ನು ಭೇದಿಯಿಂದ ಸತ್ತ ಮಕ್ಕಳ ಲೆಕ್ಕಕ್ಕೆ ಹೋಲಿಸಿ ನೋಡಿದರು. ಒಂದು ಹೆಚ್ಚಿದ ಬೆನ್ನಿಗೇ ಇನ್ನೊಂದು ಹೆಚ್ಚುತ್ತಿತ್ತು. ಆ ಕಕ್ಕಸಿಗೂ ಮಗುವಿನ ಹಾಲಿಗೂ ನಡುವೆ ಇದ್ದದ್ದು ಕೆಲವೇ ಗಜಗಳ ದೂರ.

1899ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 163 ಮಕ್ಕಳು ಒಂದು ವರ್ಷ ತುಂಬುವ ಮೊದಲೇ ತೀರಿಕೊಂಡವು. ಅಂದರೆ ಆರಕ್ಕೆ ಒಂದು. ಇದು ಇಡೀ ದೇಶದ ಸರಾಸರಿ. ಕಾರ್ಖಾನೆ ಊರುಗಳ ಓಣಿಗಳಲ್ಲಿ ಇನ್ನೂ ಹೆಚ್ಚು. ವಿಚಿತ್ರವೆಂದರೆ ದೊಡ್ಡವರ ಸಾವು ಆ ಹೊತ್ತಿಗಾಗಲೇ ಇಳಿಮುಖವಾಗಿತ್ತು. ಕೊಳಾಯಿ ನೀರು ಬಂದಿತ್ತು, ಚರಂಡಿ ಬಂದಿತ್ತು, ಕಾಲರಾ ಹೋಗಿತ್ತು. ಶಾಲೆಗೆ ಹೋಗುವ ಮಕ್ಕಳೂ ಮೊದಲಿಗಿಂತ ಹೆಚ್ಚು ಬದುಕುತ್ತಿದ್ದರು. ತೊಟ್ಟಿಲ ಕೂಸುಗಳ ಲೆಕ್ಕ ಮಾತ್ರ ಅರ್ಧ ಶತಮಾನದಿಂದ ಇದ್ದಲ್ಲೇ ಇತ್ತು.

ಆ ಕೂಸುಗಳು ಕುಡಿಯುತ್ತಿದ್ದ ಹಾಲು ಹಳ್ಳಿಯ ಕೊಟ್ಟಿಗೆಯಿಂದ ಹೊರಟು, ರೈಲಿನಲ್ಲಿ ಕ್ಯಾನುಗಳಲ್ಲಿ ಬಂದು, ಮೂಲೆಯಂಗಡಿಯ ಕಟ್ಟೆಯ ಮೇಲೆ ತೆರೆದ ಪಾತ್ರೆಯಲ್ಲಿ ಕೂತು, ಮನೆಗೆ ಬರುವಾಗ ಒಂದು ದಿನ ದಾಟಿರುತ್ತಿತ್ತು. ಐಸು ಇಲ್ಲ, ಕಾಯಿಸುವ ರೂಢಿಯೂ ಇಲ್ಲ. ಅದೂ ಕೈಗೆಟುಕದವರು ಡಬ್ಬಿಯ ಸಕ್ಕರೆ ಹಾಲು ಕೊಳ್ಳುತ್ತಿದ್ದರು. ಅದರಲ್ಲಿ ಅಗ್ಗದ್ದು ಕೆನೆ ತೆಗೆದ ಹಾಲು. ಸಕ್ಕರೆ ಧಾರಾಳ, ಕೊಬ್ಬು ಇಲ್ಲವೇ ಇಲ್ಲ. ಡಬ್ಬಿ ತೆರೆದಿಟ್ಟರೆ ನೊಣಕ್ಕೆ ಹಬ್ಬ. ಹಾಲು ಕುಡಿಸುವ ಸೀಸೆಯ ಕಥೆಯಂತೂ ಓದಲು ಸಂಕಟವಾಗುತ್ತದೆ. ಚಪ್ಪಟೆ ಗಾಜಿನ ಸೀಸೆ, ಅದರಿಂದ ಹೊರಟ ಉದ್ದನೆಯ ರಬ್ಬರ್ ಕೊಳವೆ, ಕೊಳವೆಯ ತುದಿಗೆ ತೊಟ್ಟು. ಸೀಸೆಯನ್ನು ಮಗ್ಗುಲಲ್ಲಿಟ್ಟರೆ ಮಗು ಮಲಗಿದಲ್ಲೇ ಚೀಪಿಕೊಳ್ಳುತ್ತದೆ, ತಾಯಿ ಕೆಲಸ ಮುಂದುವರಿಸಬಹುದು. ಆದರೆ ಆ ಕೊಳವೆಯ ಒಳಗನ್ನು ತೊಳೆಯುವ ಉಪಾಯ ಯಾರಲ್ಲೂ ಇರಲಿಲ್ಲ. ನಿನ್ನೆಯ ಹಾಲು ಒಳಗೋಡೆಗೆ ಹೆಪ್ಪುಗಟ್ಟಿ ಕೊಳೆಯುತ್ತಿತ್ತು, ಇವತ್ತಿನ ಹಾಲು ಅದನ್ನು ಸವರಿಕೊಂಡೇ ಮಗುವಿನ ಬಾಯಿಗೆ ಬರುತ್ತಿತ್ತು. ಫ್ರಾನ್ಸ್ ದೇಶ 1910ರಲ್ಲಿ ಈ ಸೀಸೆಯ ಮಾರಾಟವನ್ನು ಕಾನೂನಿನಿಂದ ನಿಷೇಧಿಸಿತು. ಇಂಗ್ಲೆಂಡ್ ನಿಷೇಧಿಸಲಿಲ್ಲ, ವೈದ್ಯರು ಬೈಯುತ್ತಾ ಹೋದರು, ಅಂಗಡಿಯವರು ಮಾರುತ್ತಾ ಹೋದರು.

ಇಷ್ಟು ವರ್ಷ ಸುಮ್ಮನಿದ್ದ ದೇಶಕ್ಕೆ ಒಮ್ಮೆಲೇ ಮಕ್ಕಳ ಚಿಂತೆ ಹತ್ತಿದ್ದು ಯುದ್ಧದ ದೆಸೆಯಿಂದ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ ನಡೆಯಿತು. ಸೇನೆಗೆ ಸೇರಲು ಬಂದ ಊರಿನ ಹುಡುಗರಲ್ಲಿ ಬಹುಮಂದಿ ಕುಳ್ಳರು, ಸಣಕಲರು, ಹಲ್ಲು ಹುಳುಕಾದವರು. ಸಾಮ್ರಾಜ್ಯ ಕಾಯಲು ಆಳೇ ಇಲ್ಲವೆಂಬ ಗಾಬರಿ ಹುಟ್ಟಿತು. ಸರ್ಕಾರ ಸಮಿತಿಯೊಂದನ್ನು ಕೂರಿಸಿತು. 1904ರಲ್ಲಿ ಅದರ ವರದಿ ಬಂತು. ಜನನ ಪ್ರಮಾಣವೂ ಇಳಿಯುತ್ತಿದ್ದುದರಿಂದ ಹುಟ್ಟಿದ ಕೂಸನ್ನು ಉಳಿಸಿಕೊಳ್ಳುವುದು ರಾಷ್ಟ್ರದ ಕೆಲಸ ಎಂದಾಯಿತು. ಸತ್ತ ಮಕ್ಕಳ ತಾಯಂದಿರ ದುಃಖ ಅದಕ್ಕೆ ಮೊದಲೂ ಅಲ್ಲೇ ಇತ್ತು, ಓಣಿ ಓಣಿಯಲ್ಲೂ ಇತ್ತು. ಅದು ಯಾರ ಕಿವಿಗೂ ಬಿದ್ದಿರಲಿಲ್ಲ ಎಂಬುದನ್ನು ಈ ಚರಿತ್ರೆ ಬರೆಯುವಾಗ ಮರೆಯಲಾಗದು.

1906ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಶಿಶುಮರಣ ಕುರಿತ ಮೊದಲ ರಾಷ್ಟ್ರೀಯ ಸಮ್ಮೇಳನ ಸೇರಿತು. ಅಧ್ಯಕ್ಷರು ಸಚಿವ ಜಾನ್ ಬರ್ನ್ಸ್. ದಕ್ಷಿಣ ಲಂಡನ್ನಿನ ಬಡ ಸಂಸಾರದಲ್ಲಿ ಹುಟ್ಟಿ, ಎಂಜಿನಿಯರಿಂಗ್ ಕಾರ್ಮಿಕನಾಗಿ ದುಡಿದು, ಮಂತ್ರಿಮಂಡಲ ಸೇರಿದ ಮನುಷ್ಯ. ಅಂಥವರೂ ಬೆರಳು ತೋರಿಸಿದ್ದು ತಾಯಿಯ ಕಡೆಗೇ. ತಾಯಿ ಗಿರಣಿಗೆ ಹೋಗುವುದು ನಿಲ್ಲಬೇಕು, ತಾಯಿ ಕಲಿಯಬೇಕು, ತಾಯಿ ಸರಿಯಾದರೆ ಮಗು ಉಳಿಯುತ್ತದೆ. ಅದೇ ವರ್ಷ ಲಂಡನ್ನಿನ ಫಿನ್ಸ್‌ಬರಿಯ ಆರೋಗ್ಯಾಧಿಕಾರಿ ಜಾರ್ಜ್ ನ್ಯೂಮನ್ ಶಿಶುಮರಣದ ಮೇಲೆ ದೊಡ್ಡ ಪುಸ್ತಕವನ್ನೇ ಬರೆದರು. ಅವರ ಒತ್ತೂ ಬಹುಪಾಲು ತಾಯಿಯ ಮೇಲೆಯೇ.

ಈ ವಾದದಲ್ಲಿ ಹುರುಳಿರಲಿಲ್ಲ ಎನ್ನಲಾಗದು. 1860ರ ದಶಕದ ಆರಂಭದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಬಾರದೆ ಲ್ಯಾಂಕಷೈರಿನ ಗಿರಣಿಗಳು ಮುಚ್ಚಿದಾಗ, ಹೆಂಗಸರು ಮನೆಯಲ್ಲುಳಿದು ಮೊಲೆಯೂಡಿಸಿದ್ದರಿಂದ ಹಸಿವಿನ ನಡುವೆಯೂ ಕೂಸುಗಳ ಸಾವು ಇಳಿಯಿತೆಂದು ವೈದ್ಯರು ಬರೆದಿಟ್ಟಿದ್ದರು. (ಆ ಬರವನ್ನು ತುಂಬಲು ನಮ್ಮ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು, ಕುಮಟೆ, ಕಾರವಾರದ ಬಂದರುಗಳಿಂದ ಹೊರಟದ್ದು ಇದೇ ವರ್ಷಗಳಲ್ಲಿ.) ಲಂಡನ್ನಿನ ಪೂರ್ವ ಭಾಗದ ಯಹೂದಿ ಸಂಸಾರಗಳು ಅಷ್ಟೇ ಇಕ್ಕಟ್ಟಿನ ಬಿಡಾರಗಳಲ್ಲಿದ್ದರೂ ಅವರ ಕೂಸುಗಳು ಹೆಚ್ಚು ಬದುಕುತ್ತಿದ್ದವು, ಅಲ್ಲಿ ತಾಯಂದಿರು ಬಹುಕಾಲ ಎದೆಹಾಲು ಕೊಡುತ್ತಿದ್ದರು. ಪಶ್ಚಿಮ ಐರ್ಲೆಂಡಿನ ರೈತರು ಲಂಡನ್ನಿನ ಕೂಲಿಯವರಷ್ಟೇ ಬಡವರು, ಆದರೂ ಅವರ ಮಕ್ಕಳು ದಕ್ಕುತ್ತಿದ್ದವು. ಎದೆಹಾಲು ಕುಡಿದ ಮಗುವನ್ನು ಊರಿನ ಹೊಲಸು ಅಷ್ಟು ಸುಲಭವಾಗಿ ಮುಟ್ಟಲಾರದು, ಅದು ನಿಜ. ಆದರೆ ಡರ್ಹಮ್ಮಿನ ಗಣಿ ಊರುಗಳಲ್ಲಿ ಹೆಂಗಸರು ಹೊರಗೆ ದುಡಿಯುತ್ತಲೇ ಇರಲಿಲ್ಲ, ಅಲ್ಲೂ ಮಕ್ಕಳು ಸಾಯುತ್ತಿದ್ದವಲ್ಲ? ಇದಕ್ಕೆ ಬರ್ನ್ಸ್ ಬಳಿ ಉತ್ತರವಿರಲಿಲ್ಲ.

ಮಾತಿಗಿಂತ ಕೆಲಸ ನಡೆದದ್ದು ಯಾರ್ಕ್‌ಷೈರಿನ ಹಡ್ಡರ್ಸ್‌ಫೀಲ್ಡ್‌ನಲ್ಲಿ. ಅದು ಉಣ್ಣೆ ಬಟ್ಟೆಯ ಊರು. 1904ರ ನವೆಂಬರ್‌ನಲ್ಲಿ ಬೆಂಜಮಿನ್ ಬ್ರಾಡ್‌ಬೆಂಟ್ ಎಂಬ ಉದ್ಯಮಿ ಅಲ್ಲಿನ ಮೇಯರ್ ಆದರು. ಲಾಂಗ್‌ವುಡ್ ಎಂಬ ಭಾಗದಲ್ಲಿ ತಮ್ಮ ಅಧಿಕಾರದ ಅವಧಿಯಲ್ಲಿ ಹುಟ್ಟಿದ ಪ್ರತಿ ಮಗುವಿನ ಮನೆಗೂ ಅವರು ಒಂದು ಚೀಟಿ ಕಳಿಸಿದರು. ಮಗುವಿಗೆ ವರ್ಷ ತುಂಬಿದ ದಿನ ಈ ಚೀಟಿಗೆ ಒಂದು ಪೌಂಡು ಕೊಡಲಾಗುವುದು ಎಂಬ ವಾಗ್ದಾನ. ದುಡ್ಡು ಅವರ ಸ್ವಂತದ್ದು. ಒಂದು ಪೌಂಡು ಅಂದರೆ ಆಗ ಕೂಲಿಯವನೊಬ್ಬನ ವಾರದ ಸಂಪಾದನೆಯಷ್ಟು. ಜೊತೆಗೆ ಮಗುವನ್ನು ನೋಡಿಕೊಳ್ಳುವ ಸೂಚನೆಗಳು, ಮನೆಗೆ ಬಂದು ವಿಚಾರಿಸಿಕೊಂಡು ಹೋಗುವ ಹೆಂಗಸರು.

ಪತ್ರಿಕೆಗಳಿಗೆ ಆ ಪೌಂಡಿನ ಚೀಟಿಯೇ ಸುದ್ದಿಯಾಯಿತು. ನನಗೆ ದೊಡ್ಡದೆನಿಸುವುದು ಅದರ ಹಿಂದೆ ಊರಿನ ಆರೋಗ್ಯಾಧಿಕಾರಿ ಸ್ಯಾಮ್ಸನ್ ಮೂರ್ ಕಟ್ಟಿದ ವ್ಯವಸ್ಥೆ. ಇಂಗ್ಲೆಂಡಿನಲ್ಲಿ ಹೆರಿಗೆಯಾದ ಮೇಲೆ ಜನನ ನೋಂದಾಯಿಸಲು ಆರು ವಾರ ಗಡುವಿತ್ತು. ಸಾಯುವ ಕೂಸುಗಳಲ್ಲಿ ಎಷ್ಟೋ ಅಷ್ಟರೊಳಗೇ ಸತ್ತಿರುತ್ತಿದ್ದವು. ಮಗು ಹುಟ್ಟಿತ್ತು ಎಂಬ ಸುದ್ದಿ ಕಚೇರಿಗೆ ಬರುವ ಹೊತ್ತಿಗೆ ಮಣ್ಣು ಮಾಡಿಯೂ ಆಗಿರುತ್ತಿತ್ತು. ಹುಟ್ಟಿದ್ದೇ ತಿಳಿಯದ ಮಗುವನ್ನು ಉಳಿಸುವುದು ಹೇಗೆ? 48 ಗಂಟೆಯೊಳಗೆ ಜನನದ ಸುದ್ದಿ ಮೊದಲು ತಂದವರಿಗೆ ಒಂದು ಷಿಲಿಂಗ್ ಕೊಡುವುದಾಗಿ ಊರಾಡಳಿತ ಸಾರಿತು. ಸೂಲಗಿತ್ತಿಯರು ಹೆರಿಗೆ ಮನೆಯಿಂದ ನೇರವಾಗಿ ಸುದ್ದಿ ಮುಟ್ಟಿಸತೊಡಗಿದರು. 1906ರಲ್ಲಿ ಹಡ್ಡರ್ಸ್‌ಫೀಲ್ಡ್ ಪಾರ್ಲಿಮೆಂಟಿನಿಂದ ತನಗಾಗಿಯೇ ಕಾಯ್ದೆಯೊಂದನ್ನು ಪಡೆದು ಇದನ್ನು ಕಡ್ಡಾಯ ಮಾಡಿತು. ಸುದ್ದಿ ಬಂದ ಮನೆಗೆ ಊರಾಡಳಿತ ನೇಮಿಸಿದ ಇಬ್ಬರು ವೈದ್ಯೆಯರಲ್ಲಿ ಒಬ್ಬರು ಹೋಗುತ್ತಿದ್ದರು. ಆಮೇಲಿನ ಭೇಟಿ ಆ ಭಾಗದ ಸ್ವಯಂಸೇವಕಿಯರದು. ಬೇರೆ ಊರುಗಳು ಕೂಸುಗಳಿಗೆಂದು ಹಾಲಿನ ಡಿಪೋ ತೆರೆಯುತ್ತಿದ್ದಾಗ ಮೂರ್ ಆ ದಾರಿ ಹಿಡಿಯಲಿಲ್ಲ. ಡಿಪೋ ತೆರೆದರೆ ಸೀಸೆ ಹಾಲಿಗೆ ಒಪ್ಪಿಗೆಯ ಮುದ್ರೆ ಒತ್ತಿದಂತಾಗುತ್ತದೆ, ತಾಯಿಯ ಎದೆಹಾಲನ್ನೇ ಉಳಿಸಬೇಕು ಎಂಬುದು ಅವರ ನಿಲುವು. ಸಾವು ಇಳಿಯಿತು. 1907ರಲ್ಲಿ ಪಾರ್ಲಿಮೆಂಟು ಇಡೀ ದೇಶಕ್ಕೆ ಜನನ ತಿಳಿಸುವ ಕಾಯ್ದೆ ತಂದಿತು. ಬೇಕಾದ ಊರು ಒಪ್ಪಿಕೊಳ್ಳಬಹುದಿತ್ತು. 1915ರಲ್ಲಿ ಎಲ್ಲ ಊರುಗಳಿಗೂ ಕಡ್ಡಾಯವಾಯಿತು.

ಈ ಹಾಲಿನ ಡಿಪೋಗಳ ಕಲ್ಪನೆ ಫ್ರಾನ್ಸಿನಿಂದ ಬಂತು. ಫೇಕಾಂ ಎಂಬ ಊರಿನಲ್ಲಿ ಡಾಕ್ಟರ್ ಲಿಯೋಂ ದ್ಯುಫೂರ್ 1894ರಲ್ಲಿ ಮೊದಲಿಟ್ಟದ್ದನ್ನು ನೋಡಿ ಇಂಗ್ಲೆಂಡಿನ ಸೇಂಟ್ ಹೆಲೆನ್ಸ್ 1899ರಲ್ಲಿ, ಲಿವರ್‌ಪೂಲ್ 1901ರಲ್ಲಿ, ಲಂಡನ್ನಿನ ಬ್ಯಾಟರ್ಸೀ 1902ರಲ್ಲಿ ತೆರೆದವು. ಕ್ರಿಮಿ ಸಾಯುವಷ್ಟು ಕಾಯಿಸಿ, ಒಂದೊಂದು ಊಟಕ್ಕೆ ಒಂದೊಂದು ಸೀಸೆಯಂತೆ ತುಂಬಿ ಕೊಡುತ್ತಿದ್ದರು. ಒಳ್ಳೆಯ ಕೆಲಸ, ಆದರೆ ತೀರ ಬಡವರಿಗೆ ಆ ಬೆಲೆಯೂ ಹೆಚ್ಚು, ದಿನದಿನ ನಡೆದು ಹೋಗಿ ತರುವ ಬಿಡುವೂ ಕಡಿಮೆ. 1907ರಲ್ಲಿ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಲ್ಲಿ ತಾಯಂದಿರ ಶಾಲೆಯೊಂದು ಆರಂಭವಾಯಿತು. ಮಗುವಿನ ತೂಕ ನೋಡುವುದು, ಬಾಳೆಹಣ್ಣಿನ ಖಾಲಿ ಪೆಟ್ಟಿಗೆಯಲ್ಲಿ ತೊಟ್ಟಿಲು ಮಾಡುವುದು, ಇವನ್ನೆಲ್ಲ ಕಲಿಸಿದರು. ಅದಕ್ಕಿಂತ ಹೆಚ್ಚಾಗಿ, ಮೊಲೆಯೂಡಿಸುವ ಬಾಣಂತಿಯರಿಗೆ ಕಡಿಮೆ ಬೆಲೆಗೆ ಬಿಸಿ ಊಟ ಹಾಕಿದರು. ಆ ಊಟ ನೂರು ಉಪದೇಶಕ್ಕೆ ಸಮ. ತಾಯಿಯ ಹೊಟ್ಟೆ ತುಂಬದೆ ಎದೆಯಲ್ಲಿ ಹಾಲು ಎಲ್ಲಿಂದ ಬರಬೇಕು?

ಈ ಪ್ರಶ್ನೆಯನ್ನೇ ಹಿಡಿದು ಹೊರಟದ್ದು ಫೇಬಿಯನ್ ಎಂಬ ಸಮಾಜವಾದಿ ಸಂಘದ ಹೆಂಗಸರ ಗುಂಪು. 1909ರಿಂದ ನಾಲ್ಕು ವರ್ಷ ಅವರು ಲಂಡನ್ನಿನ ಲ್ಯಾಂಬೆತ್ ಭಾಗದಲ್ಲಿ ಮನೆಮನೆಗೆ ವಾರಕ್ಕೊಮ್ಮೆ ಹೋದರು. ಆರಿಸಿಕೊಂಡದ್ದು ಕುಡುಕರ, ಸೋಮಾರಿಗಳ ಮನೆಗಳನ್ನಲ್ಲ. ಗಂಡ ದಿನವೂ ದುಡಿಯುವ, ವಾರಕ್ಕೆ ಸುಮಾರು ಒಂದು ಪೌಂಡು ಮನೆಗೆ ತರುವ ಮರ್ಯಾದಸ್ಥ ಸಂಸಾರಗಳನ್ನು. ಹೆರಿಗೆಗೆ ಮೂರು ತಿಂಗಳ ಮೊದಲಿಂದ ಮಗುವಿಗೆ ವರ್ಷ ತುಂಬುವವರೆಗೆ ತಾಯಿಯ ಪೌಷ್ಟಿಕ ಆಹಾರಕ್ಕೆಂದು ವಾರಕ್ಕೆ 5 ಷಿಲಿಂಗ್ ಕೊಟ್ಟರು, ಪ್ರತಿಯಾಗಿ ಖರ್ಚಿನ ಲೆಕ್ಕ ಬರೆದಿಡಲು ಕೇಳಿಕೊಂಡರು. ಈ ಲೆಕ್ಕಗಳಿಂದಲೇ ಮೋಡ್ ಪೆಂಬರ್ ರೀವ್ಸ್ 1913ರಲ್ಲಿ ಪುಸ್ತಕ ಬರೆದರು. ರೀವ್ಸ್ ಆಸ್ಟ್ರೇಲಿಯದಲ್ಲಿ ಹುಟ್ಟಿ, ನ್ಯೂಜಿಲೆಂಡಿನಲ್ಲಿ ಮಹಿಳೆಯರ ಮತದಾನದ ಹಕ್ಕಿಗಾಗಿ ದುಡಿದು ಬಂದವರು. ಬಡವರ ಅಡುಗೆಮನೆಯ ಬಗ್ಗೆ ನಾನು ಓದಿದವುಗಳಲ್ಲಿ ಇಷ್ಟು ನ್ಯಾಯವಂತಿಕೆಯ ಪುಸ್ತಕ ಇನ್ನೊಂದಿಲ್ಲ.

ಆಗಿನ ಹಣದಲ್ಲಿ 12 ಪೆನ್ನಿಗೆ ಒಂದು ಷಿಲಿಂಗ್, 20 ಷಿಲಿಂಗ್‌ಗೆ ಒಂದು ಪೌಂಡು. ಹೆಂಡತಿಯ ಕೈಗೆ ಬಂದ ಇಪ್ಪತ್ತು ಚಿಲ್ಲರೆ ಷಿಲಿಂಗಿನಲ್ಲಿ ಏಳೆಂಟು ಷಿಲಿಂಗ್ ಬಾಡಿಗೆಗೇ ಹೋಗುತ್ತಿತ್ತು. ಎರಡೋ ಮೂರೋ ಕೋಣೆ, ಗೋಡೆಯಲ್ಲಿ ತೇವ, ಗೋಡೆ ಕಾಗದದ ಹಿಂದೆ ತಗಣೆ. ಕಲ್ಲಿದ್ದಲು, ಗ್ಯಾಸು, ಸೋಪು, ಮಕ್ಕಳ ಬೂಟಿನ ಕಂತು ಕಳೆದರೆ ಊಟಕ್ಕೆ ಉಳಿಯುವುದು ಹತ್ತು ಷಿಲಿಂಗಿನ ಆಸುಪಾಸು. ಉಣ್ಣುವ ಬಾಯಿ ಆರೋ ಏಳೋ. ಗಂಡನಿಗೆ ಮೊದಲು, ಅವನಿಗೆ ಮಾಂಸ, ಯಾಕೆಂದರೆ ಅವನು ಕೂಲಿಗೆ ಹೋಗಲಾರದಷ್ಟು ನಿತ್ರಾಣನಾದರೆ ಮನೆಯೇ ಮುಳುಗುತ್ತದೆ. ಮಕ್ಕಳಿಗೆ ಬ್ರೆಡ್ಡು. ತಾಯಿಗೆ ಉಳಿದದ್ದು.

ಹಾಲು ಒಂದು ಕ್ವಾರ್ಟಿಗೆ 4 ಪೆನ್ಸ್. ಕ್ವಾರ್ಟು ಅಂದರೆ ಲೀಟರಿಗಿಂತ ಸ್ವಲ್ಪ ಹೆಚ್ಚು. ಎದೆಹಾಲು ಬಿಟ್ಟ ಒಂದು ಮಗುವಿಗೆ ದಿನಕ್ಕೆ ಒಂದು ಕ್ವಾರ್ಟಿನಂತೆ ಕೊಡಬೇಕೆಂದರೆ ವಾರಕ್ಕೆ 2 ಷಿಲಿಂಗ್ 4 ಪೆನ್ಸ್. ಇಡೀ ಸಂಸಾರದ ಊಟದ ದುಡ್ಡಿನ ಕಾಲುಭಾಗದ ಹತ್ತಿರ. ಹಾಗಾಗಿ ಬಹುಪಾಲು ಮನೆಗಳಲ್ಲಿ ಮಕ್ಕಳಿಗೆ ತಾಜಾ ಹಾಲು ಇರಲಿಲ್ಲ. ಡಬ್ಬಿ ಹಾಲು ಇತ್ತು. ಹುಟ್ಟಿದಾಗ ಗಟ್ಟಿಮುಟ್ಟಾಗಿದ್ದ ಕೂಸುಗಳು ತಿಂಗಳು ಕಳೆದಂತೆ ಸೊರಗುತ್ತಾ ಹೋದದ್ದನ್ನು ರೀವ್ಸ್ ಕಣ್ಣಾರೆ ಕಂಡು ಬರೆದಿದ್ದಾರೆ.

ಗಂಜಿಯ ಪ್ರಸಂಗ ಆ ಪುಸ್ತಕದ ಜೀವ. ಅನುಕೂಲಸ್ಥ ಮನೆಯ ಹೆಂಗಸರು ಬಂದು, ಬ್ರೆಡ್ಡಿನ ಬದಲು ಓಟ್ಸ್ ಗಂಜಿ ಕಾಯಿಸಿ ಕೊಡಿ, ಅಗ್ಗ, ಪುಷ್ಟಿಕರ ಎನ್ನುತ್ತಿದ್ದರು. ಮಾತು ಸರಿಯೇ. ಆದರೆ ಗಂಜಿ ಬೇಯಲು ಬಹಳ ಹೊತ್ತು ಬೇಕು, ಅಷ್ಟು ಹೊತ್ತು ಉರಿಸಲು ಗ್ಯಾಸ್ ಮೀಟರಿನ ಕಿಂಡಿಗೆ ಪೆನ್ನಿ ಹಾಕಬೇಕು. ಮನೆಯಲ್ಲಿರುವುದು ತಳ ಸೀದ ಹಳೆಯ ಪಾತ್ರೆ; ನಿನ್ನೆ ಮೀನು ಬೇಯಿಸಿದ್ದೂ ಅದರಲ್ಲೇ. ಒಂದು ಕಂಕುಳಲ್ಲಿ ಕೂಸು, ಸೆರಗಿಗೆ ಜೋತುಬಿದ್ದ ಇನ್ನೆರಡು ಮಕ್ಕಳ ನಡುವೆ ಕೈಯಾಡಿಸುತ್ತಲೇ ನಿಲ್ಲಲಾಗದೆ ಗಂಜಿ ತಳ ಹಿಡಿಯುತ್ತದೆ. ಬೆಂದ ಮೇಲೆ ಹಾಕಲು ಹಾಲಿಲ್ಲ, ಸಕ್ಕರೆ ಸಾಲದು. ಮಕ್ಕಳು ಬಾಯಿಗಿಟ್ಟು ಉಗುಳುತ್ತವೆ, ಗಂಡ ತಟ್ಟೆ ತಳ್ಳುತ್ತಾನೆ. ಬ್ರೆಡ್ಡಾದರೆ ಬೇಯಿಸಬೇಕಿಲ್ಲ, ಪಾತ್ರೆ ಬೇಕಿಲ್ಲ, ಕೈಯಲ್ಲಿ ಹಿಡಿದು ಬೀದಿಗೂ ಒಯ್ಯಬಹುದು. ಆ ತಾಯಿ ಅಜ್ಞಾನದಿಂದ ಬ್ರೆಡ್ಡು ಆರಿಸಿಕೊಂಡಿರಲಿಲ್ಲ. ತನ್ನ ಒಲೆ, ತನ್ನ ಪಾತ್ರೆ, ತನ್ನ ಪೆನ್ನಿಗಳನ್ನು ಉಪದೇಶಕ್ಕೆ ಬಂದವರಿಗಿಂತ ಚೆನ್ನಾಗಿ ಬಲ್ಲವಳಾಗಿದ್ದಳು.

ಇನ್ನೊಂದು ಲೆಕ್ಕವಿದೆ, ಶವಸಂಸ್ಕಾರದ ವಿಮೆ. ಮಗುವೊಂದಕ್ಕೆ ವಾರಕ್ಕೆ ಒಂದು ಪೆನ್ನಿ. ಬಾಗಿಲಿಗೆ ಬರುವ ಏಜೆಂಟನಿಗೆ ಕೊಡಬೇಕು. ಹೊಟ್ಟೆಗಿಲ್ಲದವರು ಹೆಣದ ಹೆಸರಲ್ಲಿ ದುಡ್ಡು ಹಾಳು ಮಾಡುತ್ತಾರೆಂದು ಉಳ್ಳವರು ಬೈಯುತ್ತಿದ್ದರು. ರೀವ್ಸ್ ಒಂದು ಮಗುವಿನ ಮಣ್ಣಿನ ಖರ್ಚನ್ನು ಸಾಲು ಸಾಲಾಗಿ ಕೊಡುತ್ತಾರೆ. ಶವಸಂಸ್ಕಾರದವರಿಗೆ 1 ಪೌಂಡ್ 12 ಷಿಲಿಂಗ್, ಗುಂಡಿ ತೋಡಿದವರಿಗೆ 2 ಷಿಲಿಂಗ್, ಹೆಣ ತೊಳೆದು ಮಲಗಿಸಿದವಳಿಗೆ 2 ಷಿಲಿಂಗ್, ಅಪ್ಪನ ಕಪ್ಪು ಟೈಗೆ ಒಂದು ಷಿಲಿಂಗ್, ಹೂವಿಗೆ 6 ಪೆನ್ಸ್. ಚಿಲ್ಲರೆಗಳೆಲ್ಲ ಸೇರಿ 2 ಪೌಂಡ್ 1 ಷಿಲಿಂಗ್ 9 ಪೆನ್ಸ್. ಎರಡು ವಾರದ ಆದಾಯ. ವಿಮೆ ಇಲ್ಲದವರು ಸಾಲ ಮಾಡುತ್ತಿದ್ದರು. ಸಾಲ ತೀರಿಸುವ ವಾರಗಳಲ್ಲಿ ಬದುಕಿರುವ ಮಕ್ಕಳ ತಟ್ಟೆಯಿಂದಲೇ ಆ ದುಡ್ಡು ಕಡಿತವಾಗುತ್ತಿತ್ತು. ಹಾಗೆಂದು ಮುನಿಸಿಪಾಲಿಟಿಯವರ ಅನಾಥ ಗುಂಡಿಗೆ ಹೆತ್ತ ಮಗುವನ್ನು ಒಪ್ಪಿಸಲು ಯಾವ ತಾಯಿಯ ಕರುಳು ಒಪ್ಪೀತು? ಮಗು ಸಾಯಬಹುದೆಂದು ಅದು ಹುಟ್ಟಿದ ವಾರದಿಂದಲೇ ಪೆನ್ನಿ ಎತ್ತಿಡಬೇಕಾಗಿದ್ದ ಬದುಕು ಅವರದು.

1911ರ ಬೇಸಿಗೆ ಇದನ್ನೆಲ್ಲ ಊರ ಮುಂದೆ ಇಟ್ಟಿತು. ಆಗಸ್ಟಿನಲ್ಲಿ ಲಂಡನ್ನಿನ ಗ್ರಿನಿಚ್‌ನಲ್ಲಿ ಶಾಖ 100 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು. ಹಿಂದಿನ ವರ್ಷ ಸಾವಿರಕ್ಕೆ 105ಕ್ಕೆ ಇಳಿದಿದ್ದ ಶಿಶುಮರಣ ಆ ವರ್ಷ 130ಕ್ಕೆ ಹಾರಿತು. ತಂಪಾದ 1912ರಲ್ಲಿ ಮತ್ತೆ 95ಕ್ಕೆ ಬಂತು. ಅದೇ 1911ರಲ್ಲಿ ಮೊದಲ ಬಾರಿಗೆ ತಂದೆಯ ಉದ್ಯೋಗದ ಪ್ರಕಾರ ಶಿಶುಮರಣದ ಲೆಕ್ಕ ತೆಗೆದರು. ಮೇಲಿನ ಮತ್ತು ಮಧ್ಯಮ ವರ್ಗದ ಮನೆಗಳಲ್ಲಿ ಸಾವಿರಕ್ಕೆ 76, ಕೂಲಿಯವರ ಮನೆಗಳಲ್ಲಿ 153, ಗಣಿಕಾರ್ಮಿಕರಲ್ಲಿ 160. ಬೇಸಿಗೆ ಎಲ್ಲರಿಗೂ ಒಂದೇ ಆಗಿತ್ತು. ಕೋಣೆ, ಕಕ್ಕಸು, ಹಾಲು ಒಂದೇ ಆಗಿರಲಿಲ್ಲ.

ತಾಯಿಯ ಕೈಗೇ ಹಣ ಸೇರಿಸುವ ದಾರಿ ತೋರಿಸಿದ್ದು ಹೆಂಗಸರ ಸಹಕಾರಿ ಸಂಘ. 1911ರ ವಿಮಾ ಕಾಯ್ದೆಯಲ್ಲಿ ಹೆರಿಗೆಗೆ 30 ಷಿಲಿಂಗ್ ಸಿಗುತ್ತಿತ್ತು, ಆದರೆ ಅದು ಗಂಡನ ಹಕ್ಕಿನ ಹಣವಾಗಿತ್ತು. ಮಾರ್ಗರೆಟ್ ಲುವೆಲಿನ್ ಡೇವಿಸ್ ಅವರ ಮುಂದಾಳತ್ವದಲ್ಲಿ ಸಂಘ ಹೋರಾಡಿ 1913ರಲ್ಲಿ ಅದನ್ನು ತಾಯಿಯ ಸೊತ್ತು ಮಾಡಿಸಿತು. 1915ರಲ್ಲಿ ಸದಸ್ಯೆಯರ 160 ಪತ್ರಗಳನ್ನು ಪುಸ್ತಕವಾಗಿ ಹೊರತಂದಿತು. ಹೆರಿಗೆ, ಗರ್ಭಪಾತ, ಹೆರಿಗೆಯ ಮಾರನೆಯ ದಿನವೇ ಬಟ್ಟೆ ಒಗೆಯಲು ನಿಂತದ್ದು, ದಕ್ಕದೆ ಹೋದ ಮಕ್ಕಳು, ಎಲ್ಲವನ್ನೂ ಅನುಭವಿಸಿದವರೇ ಬರೆದಿದ್ದರು. ಸಮ್ಮೇಳನಗಳಲ್ಲಿ ಯಾರ ಬಗ್ಗೆ ಹತ್ತು ವರ್ಷ ಮಾತು ನಡೆದಿತ್ತೋ ಅವರೇ ಮಾತಾಡಿದ ಮೊದಲ ಪುಸ್ತಕಗಳಲ್ಲಿ ಅದೊಂದು.

ಅಷ್ಟರಲ್ಲಿ ಮಹಾಯುದ್ಧ ಬಂದಿತ್ತು. ವೈದ್ಯರಲ್ಲಿ ಅನೇಕರು ಸೇನೆಗೆ ಹೋದರು, ಹೆಂಗಸರು ಮದ್ದುಗುಂಡಿನ ಕಾರ್ಖಾನೆಗಳಿಗೆ ಹೋದರು. ಬರ್ನ್ಸ್ ಅವರ ವಾದದಂತೆ ನಡೆದಿದ್ದರೆ ಕೂಸುಗಳ ಸಾವು ಏರಬೇಕಿತ್ತು. ನಡುನಡುವೆ ತುಸು ಏರಿದ್ದು ಬಿಟ್ಟರೆ ಅದು ಒಟ್ಟಾರೆ ಇಳಿಯಿತು. 1916ರಲ್ಲಿ 91, 1920ರಲ್ಲಿ 80. ಕೆಲಸ ಎಲ್ಲರಿಗೂ ಸಿಕ್ಕಿತ್ತು, ಕೂಲಿ ಏರಿತ್ತು, 1915ರಲ್ಲಿ ಬಾಡಿಗೆಗೆ ಮಿತಿ ಬಿದ್ದಿತ್ತು. 1918ರಲ್ಲಿ ಬಾಣಂತಿಯರಿಗೂ ಮಕ್ಕಳಿಗೂ ಹಾಲು ಒದಗಿಸಲು ಊರಾಡಳಿತಗಳಿಗೆ ಅಧಿಕಾರ ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ಸೈನಿಕನ ಹೆಂಡತಿಗೆ ಸರ್ಕಾರ ವಾರವಾರ ಭತ್ಯೆ ಕೊಡುತ್ತಿತ್ತು, ಮಕ್ಕಳ ಸಂಖ್ಯೆಗೆ ತಕ್ಕಂತೆ, ನೇರವಾಗಿ ಅವಳ ಕೈಗೇ.

ಲಿವರ್‌ಪೂಲಿನಲ್ಲಿ ಈ ಭತ್ಯೆ ಹಂಚುವ ಕೆಲಸದಲ್ಲಿದ್ದ ಎಲಿನಾರ್ ರ್‍ಯಾತ್‌ಬೋನ್ ಆ ದುಡ್ಡು ಮನೆಯೊಳಗೆ ಮಾಡಿದ ಬದಲಾವಣೆಯನ್ನು ಹತ್ತಿರದಿಂದ ನೋಡಿದರು. ಯುದ್ಧ ಮುಗಿದ ಮೇಲೂ ಎಲ್ಲ ತಾಯಂದಿರಿಗೂ ಇದು ಸಿಗಬೇಕೆಂದು ಪಟ್ಟು ಹಿಡಿದು, 1924ರಲ್ಲಿ ಪುಸ್ತಕ ಬರೆದು, ಆಮೇಲೆ ಪಾರ್ಲಿಮೆಂಟಿನ ಸದಸ್ಯೆಯಾಗಿ ವರ್ಷಾನುಗಟ್ಟಲೆ ವಾದಿಸಿದರು. 1945ರಲ್ಲಿ ಸರ್ಕಾರ ಕೊನೆಗೂ ಮಸೂದೆ ತಂದಾಗ ಅದರಲ್ಲಿ ಹಣ ತಂದೆಗೆ ಎಂದಿತ್ತು. ಹಾಗಿದ್ದರೆ ನನ್ನ ಮಸೂದೆಗೆ ನಾನೇ ವಿರುದ್ಧ ಮತ ಹಾಕುತ್ತೇನೆಂದು ರ್‍ಯಾತ್‌ಬೋನ್ ಬೆದರಿಸಿದರು, ತಿದ್ದುಪಡಿಯಾಯಿತು. 1946ರ ಆಗಸ್ಟಿನಲ್ಲಿ ಮೊದಲ ಹಣ ಬಟವಾಡೆಯಾಗುವ ಏಳು ತಿಂಗಳು ಮೊದಲೇ ಅವರು ತೀರಿಕೊಂಡಿದ್ದರು. ತಾಯಿಗೆ ಸಿಕ್ಕಿದ್ದು ಮಗುವಿಗೆ ವಾರಕ್ಕೆ 5 ಷಿಲಿಂಗ್. ಲ್ಯಾಂಬೆತ್‌ನ ಬಾಣಂತಿಯರಿಗೆ ಫೇಬಿಯನ್ ಹೆಂಗಸರು ಕೊಡುತ್ತಿದ್ದಷ್ಟೇ ಮೊತ್ತ, ಆದರೆ ಅಷ್ಟರಲ್ಲಿ ಬೆಲೆಗಳು ಎಷ್ಟೋ ಏರಿದ್ದವು. ಸಾಮಾಜಿಕ ಭದ್ರತೆಯ ಯೋಜನೆ ರೂಪಿಸಿದ್ದ ಬೆವರಿಜ್ ವರದಿ 8 ಷಿಲಿಂಗ್ ಕೇಳಿತ್ತು. ಮೊದಲ ಮಗುವಿಗೆ ಏನೂ ಇರಲಿಲ್ಲ. ಎರಡನೆಯ ಮಗುವಿನಿಂದ ಮಾತ್ರ.